ಜಮಖಂಡಿಯ ಕಂಪ್ಯೂಟರು, ಬೆಳಗಾವಿಯ ಮೌಸು

ಜಮಖಂಡಿಯಲ್ಲಿ ನಮ್ಮ ಕಾಕಾ ಅವರ ಬೀಜ-ಗೊಬ್ಬರದ ಅಂಗಡಿ ಇದೆ. ನಾನಿರುವುದು ಬೆಳಗಾವಿಯ ಟಿಳಕವಾಡಿಯಲ್ಲಿ. ಬಿಲ್ಲಿಂಗ್ ಕೈಕೊಟ್ಟಾಗಲೆಲ್ಲ ಬಸ್ ಹತ್ತಿದರೆ ಒಂದು ದಿನ ಹೋಯಿತು ಅಂತಲೇ ಲೆಕ್ಕ. ಈಗ ಇಲ್ಲೇ ಬ್ರೌಸರ್ ತೆರೆದು ಆ ಕಂಪ್ಯೂಟರನ್ನು ನಡೆಸುತ್ತೇನೆ. ದೂರದ ಕಂಪ್ಯೂಟರಿನ ಪರದೆಯನ್ನು ಇಲ್ಲೇ ನೋಡಿ ನಡೆಸುವ ಗೂಗಲ್‌ನ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಸಾಕು, ದುಡ್ಡು ಕೊಡಬೇಕಿಲ್ಲ. ಆದರೆ ಮುಕ್ಕಾಲು ಕೆಲಸ ಇರುವುದು ಆ ಕಡೆ. ಹಬ್ಬಕ್ಕೆ ಊರಿಗೆ ಹೋದಾಗ ಒಂದು ತಾಸು ಕೂತು ಮುಗಿಸಿ ಬನ್ನಿ.

ಮೊದಲು ಅಲ್ಲಿರುವ ವಿಂಡೋಸ್ ಯಾವುದು ನೋಡಿ. ವಿಂಡೋಸ್ 7 ಆದರೆ ಕ್ರೋಮ್ 109ನೇ ಆವೃತ್ತಿಗೇ ನಿಂತಿರುತ್ತದೆ. ಅದರ ಜೊತೆ ಒದ್ದಾಡಬೇಡಿ, ಬದಲಿಸಿ. ವಿಂಡೋಸ್‌ನದೇ ರಿಮೋಟ್ ಡೆಸ್ಕ್‌ಟಾಪ್ ಇದೆಯಲ್ಲ ಅನ್ನಬಹುದು. ಇದೆ, ಆದರೆ ಹೋಮ್ ಆವೃತ್ತಿಯ ಕಂಪ್ಯೂಟರಿಗೆ ಅದರಿಂದ ಸೇರಲಾಗದು, ಪ್ರೊ ಬೇಕು. ಮೇಲಾಗಿ ಅದಕ್ಕಾಗಿ ರೂಟರ್‌ನಲ್ಲಿ 3389ನೇ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಡುವವರಿದ್ದಾರೆ. ದಯವಿಟ್ಟು ಬೇಡ. ಕಳ್ಳರು ಹಗಲೂ ರಾತ್ರಿ ತಡಕಾಡುವ ಬಾಗಿಲು ಅದು.

ಅಂಗಡಿಗೆಂದೇ ಬೇರೆ ಗೂಗಲ್ ಖಾತೆ ಮಾಡಿ. ಅಲ್ಲಿನ ಕ್ರೋಮ್‌ನಲ್ಲಿ ಆ ಖಾತೆಯಿಂದ ಒಳಹೋಗಿ ರಿಮೋಟ್‌ಡೆಸ್ಕ್‌ಟಾಪ್ ಡಾಟ್ ಗೂಗಲ್ ಡಾಟ್ ಕಾಮ್ ತೆರೆಯಿರಿ. ಅದು ಕೇಳುವ ತಂತ್ರಾಂಶ ಇನ್‌ಸ್ಟಾಲ್ ಮಾಡಿ, ಕಂಪ್ಯೂಟರಿಗೊಂದು ಹೆಸರು, ಕನಿಷ್ಠ 6 ಅಂಕಿಯ ಪಿನ್ ಕೊಡಿ. ನಿಮ್ಮ ಕಡೆ ಅದೇ ಖಾತೆ, ಅಪ್‌ಡೇಟ್ ಆದ ಕ್ರೋಮ್ ಇದ್ದರೆ ಮುಗಿಯಿತು.

ಒಮ್ಮೆ ಮಾತ್ರ ಯಾರಿಗಾದರೂ ನೆರವಾಗಬೇಕಿದ್ದರೆ ಇಷ್ಟೆಲ್ಲ ಬೇಡ. ಅವರು ಅದೇ ಸೈಟಿನಲ್ಲಿ 12 ಅಂಕಿಯ ಕೋಡ್ ಪಡೆದು ನಿಮಗೆ ಓದಿ ಹೇಳಿದರೆ ಸಾಕು, 5 ನಿಮಿಷದೊಳಗೆ ಬಳಸಬೇಕು. ಬ್ಯಾಂಕಿನವರು ಅಂತ ಹೇಳಿಕೊಂಡು ಯಾರಾದರೂ ಇಂಥ ಕೋಡ್ ಕೇಳಿದರೆ ಸುಮ್ನೆ ಫೋನ್ ಇಟ್ಟುಬಿಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನೆಟ್ ಎಷ್ಟಿರಬೇಕು? ಎಲ್ಲರೂ ಡೌನ್‌ಲೋಡ್ ವೇಗ ನೋಡುತ್ತಾರೆ. ಆದರೆ ಅಂಗಡಿಯ ಪರದೆ ನಿಮ್ಮ ಕಡೆ ಬರುವುದು ಅಲ್ಲಿನ ಅಪ್‌ಲೋಡ್ ಮೇಲೆ. ಬಿಲ್ಲಿಂಗ್ ಪರದೆಗೆ ಒಂದೆರಡು ಎಂಬಿಪಿಎಸ್ ಸಾಕು. ವೇಗಕ್ಕಿಂತ ಜಾಸ್ತಿ ಕಾಡುವುದು ಪಿಂಗ್, ಅಂದರೆ ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಸಮಯ. ಅದು 200 ಮಿಲಿಸೆಕೆಂಡ್ ದಾಟಿದರೆ ಮೌಸು ಎಮ್ಮೆಯ ಹಾಗೆ ಎಳೆದಾಡುತ್ತದೆ. ವೈಫೈ ಬಿಟ್ಟು ರೂಟರ್‌ನಿಂದ ಕೇಬಲ್ ಎಳೆಯಿರಿ, ಅರ್ಧ ತಾಪತ್ರಯ ಅಲ್ಲಿಗೇ ಕಡಿಮೆ.

ಇನ್ನು ಕರೆಂಟು. ಕಂಪ್ಯೂಟರ್ ಮಲಗಿದ್ದರೆ ಬೆಳಗಾವಿಯಿಂದ ಎಷ್ಟು ಕೂಗಿದರೂ ಏಳುವುದಿಲ್ಲ. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಎಂಬಲ್ಲಿ ನೆವರ್ ಆರಿಸಿ. ವಿಂಡೋಸ್ ಶುರುವಾಗುವ ಮುನ್ನ ತೆರೆಯುವ ಬಯಾಸ್ ಸೆಟ್ಟಿಂಗ್‌ನಲ್ಲಿ, ಹೋದ ಕರೆಂಟು ಬಂದಾಗ ತಾನೇ ಆನ್ ಆಗುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ, ಹುಡುಕಿ ಹಾಕಿ. ಯುಪಿಎಸ್‌ಗೆ ರೂಟರನ್ನೂ ಸೇರಿಸಿ. ನಾನು ಮೊದಲ ಸಲ ಕಂಪ್ಯೂಟರಿಗೆ ಮಾತ್ರ ಸೇರಿಸಿ ಬಂದಿದ್ದೆ. ಕರೆಂಟು ಹೋದಾಗ ಕಂಪ್ಯೂಟರ್ ಎದ್ದೇ ಇತ್ತು, ನೆಟ್ ಇರಲಿಲ್ಲ!

ಇಷ್ಟೆಲ್ಲ ಮಾಡಿದ ಮೇಲೂ ಒಂದು ಬೆಳಿಗ್ಗೆ ನನ್ನ ಪರದೆಯಲ್ಲಿ ಅಂಗಡಿ ಆಫ್‌ಲೈನ್. ಕರೆಂಟಿತ್ತು, ಅದೇ ವೈಫೈನಲ್ಲಿ ಕಾಕಾ ಅವರ ವಾಟ್ಸಾಪೂ ನಡೆಯುತ್ತಿತ್ತು. “ಕಾಕಾ, ಕ್ರೋಮ್ ತೆಗದು ಏನ್ ಬರತೈತಿ ಓದ್ರಿ” ಅಂದೆ.

“ತಮ್ಮಾ, ನಿಮ್ಮ ಗಡಿಯಾರ ಹಿಂದೈತಿ ಅಂತ ಬರದೈತಿ. ನನ್ನ ಗಡಿಯಾರ ಬರೋಬ್ಬರಿ ಐತೆಲ್ಲೋ!”

ಅವರು ನೋಡುತ್ತಿದ್ದುದು ಕೈಗಡಿಯಾರವನ್ನು. ಪರದೆಯ ಮೂಲೆಯಲ್ಲಿ ತಾರೀಖು ಹತ್ತಾರು ವರ್ಷ ಹಿಂದೆ ಹೋಗಿತ್ತು. ಸುರಕ್ಷಿತ ಸಂಪರ್ಕಕ್ಕೆ ಸೈಟಿನ ಪ್ರಮಾಣಪತ್ರದ (ಸೈಟು ಅಸಲಿ ಎನ್ನುವ ಗುರುತಿನ) ಅವಧಿಯನ್ನು ಕಂಪ್ಯೂಟರಿನ ತಾರೀಖಿಗೆ ತಾಳೆ ನೋಡಲಾಗುತ್ತದೆ. ತಾರೀಖೇ ತಪ್ಪಿದ್ದರೆ ಬಾಗಿಲು ಬಂದ್. ಫೋನಿನಲ್ಲೇ ಸರಿಮಾಡಿಸಿದೆ. ಕರೆಂಟಿಲ್ಲದಾಗಲೂ ಕಂಪ್ಯೂಟರಿನ ಗಡಿಯಾರ ನಡೆಸುವ ಮದರ್‌ಬೋರ್ಡಿನ ಸೆಲ್ ಸತ್ತಿತ್ತು. ನಾಣ್ಯದಂಥ ಸಿಆರ್2032 ಸೆಲ್ ತಂದು ಹಾಕಲು ಮಾತ್ರ ಮರುದಿನ ನಾನು ಬಸ್ ಹತ್ತಲೇಬೇಕಾಯಿತು.