ಒಡಿಯಾದಲ್ಲಿ ಮೊದಲು ‘ಇಲ್ಲ’ ಕಲಿತೆ: ನನ್ನ ಅನುಭವ

“ಮೊದಲು ‘ಹೌದು’ ಕಲಿಯಪ್ಪಾ, ಆಮೇಲೆ ‘ಇಲ್ಲ’ಕ್ಕೆ ಬಾ.” ಭುವನೇಶ್ವರದಲ್ಲಿ ನನ್ನ ಜೊತೆ ರೂಮಿನಲ್ಲಿದ್ದ ಇಬ್ಬರೂ ಇದನ್ನೇ ಹೇಳಿದರು. ದುಡ್ಡು ಕೊಟ್ಟು ಇಟ್ಟುಕೊಂಡ ಆನ್‌ಲೈನ್ ಮೇಷ್ಟ್ರೂ ಇದನ್ನೇ ಹೇಳಿದರು. ನಾನು ಉಲ್ಟಾ ಮಾಡಿದೆ. ಇವತ್ತು ಪಕ್ಕದ ಕಟಕದ ಅಂಗಡಿಯವರು ಫೋನಿನಲ್ಲಿ ನನ್ನನ್ನು ಆಂಧ್ರ ಗಡಿ ಹತ್ತಿರದ ಬರಂಪುರದ ಕಡೆಯವನು ಅಂದುಕೊಳ್ಳುತ್ತಾರೆ. ಪೂರ್ತಿ ಒಡಿಯಾದವನು ಅಂತ ಯಾರೂ ನಂಬಿಲ್ಲ, ಅದು ಬೇರೆ ಮಾತು. ಆದರೂ ಬರಂಪುರ ಅಂದರೆ ಸಾಕಷ್ಟು ಆಯ್ತು, ಅಲ್ವಾ?

ನನ್ನದು ಜನರೇಟರ್, ಪಂಪ್‌ಸೆಟ್ ಸರ್ವೀಸ್. ಊರು ದಾವಣಗೆರೆ ಕಡೆ. 2019ರ ಫೆಬ್ರವರಿಯಲ್ಲಿ ಭುವನೇಶ್ವರಕ್ಕೆ ಹಾಕಿದರು. ಹೊರರಾಜ್ಯದಲ್ಲಿ ಫೀಲ್ಡ್ ಕೆಲಸ ಮಾಡುವವರಿಗೆ ನಾನು, ನೀನು, ಒಂದು, ಎರಡು ಹೇಗೆ ಕಲಿಯಬೇಕು ಅಂತ ಹೇಳಬೇಕಾಗಿಲ್ಲ. ಅದೆಲ್ಲ ಹದಿನೈದು ದಿನದಲ್ಲಿ ಬಾಯಿಗೆ ಬರುತ್ತದೆ. ಸಿಕ್ಕಿಬೀಳುವುದು ‘ಇಲ್ಲ’ದ ಹತ್ತಿರ.

ಮೊದಲ ಎರಡು ತಿಂಗಳು ಆ ಮೇಷ್ಟ್ರಿಗೆ ತಿಂಗಳಿಗೆ ಮೂರು ಸಾವಿರ ಕೊಟ್ಟೆ. ಪಾಠ ಹಿಂದಿಯಲ್ಲಿ. ನನ್ನ ಹಿಂದಿ ಹುಬ್ಬಳ್ಳಿ ಬಸ್‌ಸ್ಟ್ಯಾಂಡ್ ಹಿಂದಿ. ತಲೆಯಲ್ಲಿ ಕನ್ನಡದಿಂದ ಹಿಂದಿ, ಹಿಂದಿಯಿಂದ ಒಡಿಯಾ ಅಂತ ಎರಡು ಬಸ್ ಬದಲಿಸಬೇಕಿತ್ತು. ಹಿಂದಿಯಲ್ಲಿ ‘ನಹೀಂ’ ಕ್ರಿಯಾಪದದ ಮುಂದೆ ಬರುತ್ತದಲ್ಲ, ಅದೇ ಅಭ್ಯಾಸದಲ್ಲಿ ‘ಮು ನಾಹಿ ಜಾಉಛಿ’ ಅನ್ನುತ್ತಿದ್ದೆ. ಕೇಳಿದವರು ನಗುತ್ತಿರಲಿಲ್ಲ, ಪಾಪ ಅನ್ನುವ ಹಾಗೆ ನೋಡುತ್ತಿದ್ದರು. ನಕ್ಕಿದ್ದರೇ ಚೆನ್ನಾಗಿತ್ತು. ಇದರ ಜೊತೆ ಒಂದು ಆ್ಯಪ್‌ಗೆ ವರ್ಷದ ಚಂದಾ, ಸಾವಿರದ ಇನ್ನೂರೋ ಮುನ್ನೂರೋ. ಅದರಲ್ಲಿ ‘ಸೇಬು ಕೆಂಪಾಗಿದೆ’ ಅಂತ ಹೇಳಿಕೊಟ್ಟರು. ಇಷ್ಟು ದಿನ ಒಡಿಶಾ ಸುತ್ತಿದ್ದೇನೆ, ಸೇಬಿನ ಬಣ್ಣ ಯಾರೂ ಕೇಳಿಲ್ಲ.

ದಾರಿ ಸಿಕ್ಕಿದ್ದು ಫೋನಿ ಚಂಡಮಾರುತದಲ್ಲಿ. 2019ರ ಮೇ 3ರಂದು ಅದು ಪುರಿ ಹತ್ತಿರ ದಡಕ್ಕೆ ಬಡಿಯಿತು. ಭುವನೇಶ್ವರದಲ್ಲಿ ಮರ, ಕಂಬ ಎಲ್ಲ ಮಲಗಿದವು. ದಿನಗಟ್ಟಲೆ ಕರೆಂಟ್ ಇಲ್ಲ. ಜನರೇಟರ್ ಮೆಕ್ಯಾನಿಕ್‌ಗೆ ಆಗ ಊಟಕ್ಕೂ ಪುರುಸೊತ್ತಿಲ್ಲ. ಸುತ್ತಲೂ ಕಿವಿಗೆ ಬಿದ್ದದ್ದು ಒಂದೇ ಮಾತು: ಕರೆಂಟ ನಾಹಿ, ಪಾಣಿ ನಾಹಿ, ಡಿಜೆಲ ನಾಹಿ, ನೆಟ್‌ವರ್ಕ ನಾಹಿ. ಮೆಷಿನ್ ಹತ್ತಿರ ಹೋದರೆ ‘ಚಾಲುನಿ’, ‘ಉಠುನಿ’, ‘ಸ್ಟಾರ್ಟ ಹೇಉನಿ’. ಓಡ್ತಾ ಇಲ್ಲ, ನೀರು ಏರ್ತಾ ಇಲ್ಲ, ಸ್ಟಾರ್ಟ್ ಆಗ್ತಾ ಇಲ್ಲ. ಮೂರನೇ ದಿನವೋ ನಾಲ್ಕನೇ ದಿನವೋ, ಒಂದು ಆಸ್ಪತ್ರೆಯ ಹಿಂದೆ ಜನರೇಟರ್ ಕೆಳಗೆ ಮಲಗಿಕೊಂಡು ಫಿಲ್ಟರ್ ಬಿಚ್ಚುವಾಗ ಹೊಳೆಯಿತು. ನನ್ನ ಗಿರಾಕಿ ‘ಇದೆ’ ಅಂತ ಯಾವತ್ತೂ ಫೋನ್ ಮಾಡಲ್ಲ. ‘ಇಲ್ಲ’ ಅಂತಲೇ ಮಾಡುತ್ತಾನೆ. ನನ್ನ ಹೊಟ್ಟೆಪಾಡೇ ‘ಇಲ್ಲ’ದ ಮೇಲೆ ನಿಂತಿದೆ. ಮತ್ತೆ ‘ಹೌದು’ ಕಲಿತು ಏನು ಮಾಡಲಿ?

ಇನ್ನೊಂದೂ ಹೊಳೆಯಿತು. ‘ಚಾಲುಛಿ’ ಅಂದರೆ ಓಡ್ತಾ ಇದೆ. ‘ಚಾಲುನಿ’ ಅಂದರೆ ಓಡ್ತಾ ಇಲ್ಲ. ‘ಇದೆ’ ಇದ್ದ ಜಾಗದಲ್ಲಿ ‘ಇಲ್ಲ’ ಕೂತಿದೆ, ಅಷ್ಟೇ. ಇದು ನಮ್ಮ ಕನ್ನಡದ್ದೇ ಲೆಕ್ಕ! ಎರಡು ತಿಂಗಳು ಸುಮ್ನೆ ಹಿಂದಿ ಬಾಗಿಲು ಬಡಿಯುತ್ತಿದ್ದೆ.

ಒಂದು ನೋಟ್‌ಬುಕ್ ತಂದೆ. ಎಡಕ್ಕೆ ಕನ್ನಡದ ‘ಇಲ್ಲ’, ಬಲಕ್ಕೆ ಒಡಿಯಾದ್ದು. ಹೌದು ಅನ್ನುವ ವಾಕ್ಯ ಒಂದೂ ಬರೆಯಬಾರದು ಅಂತ ಶಪಥ. ಮೊದಲ ಪುಟ ಈಗಲೂ ಇದೆ, ಗ್ರೀಸ್ ಹತ್ತಿದೆ. ಹೋಗಿಲ್ಲ, ಜಾಇನಿ. ಹೋಗ್ತಾ ಇಲ್ಲ, ಜಾಉನಿ. ಹೋಗಲಿಲ್ಲ, ಗಲಿನಿ. ಹೋಗಲ್ಲ, ಜಿಬಿನಿ. ಬಿಡಿಸಿ ಹೇಳಿದರೆ ಜಾಇ ನಾಹಿ, ಜಾಉ ನಾಹಿ, ಗಲಿ ನಾಹಿ, ಜಿಬಿ ನಾಹಿ. ಮಾತಿನಲ್ಲಿ ‘ನಾಹಿ’ ಸವೆದು ‘ನಿ’ ಆಗುತ್ತದೆ, ನಮ್ಮ ‘ಹೋಗುವುದಿಲ್ಲ’ ಸವೆದು ‘ಹೋಗಲ್ಲ’ ಆದ ಹಾಗೆ. (ನಾಹಿಯ ಕೊನೆಯನ್ನು ಮೂಗಿನಲ್ಲಿ ಎಳೆಯಬೇಕು. ಅಕಾರ ಬಂದ ಕಡೆ ಬಾಯಿ ದುಂಡಗೆ ಮಾಡಬೇಕು. ಬರೆದು ತೋರಿಸಲು ಆಗಲ್ಲ, ಕೇಳಿಯೇ ಕಲಿಯಬೇಕು.)

ಅಲ್ಲ ಮತ್ತು ಇಲ್ಲ ಕೂಡ ಬೇರೆ ಬೇರೆ ಇವೆ. ಇಲ್ಲ ಅಂದರೆ ನಾಹಿ, ಅಲ್ಲ ಅಂದರೆ ನುಹೇ. ‘ಮೋ ಪಾಖರೆ ಪಇಸಾ ನಾಹಿ’, ನನ್ನ ಹತ್ತಿರ ದುಡ್ಡಿಲ್ಲ. ‘ಏಇಟಾ ಮೋರ ನುಹೇ’, ಇದು ನನ್ನದಲ್ಲ. ನನ್ನ ಜೊತೆಯ ಬಿಹಾರದ ಹುಡುಗನಿಗೆ ಎರಡಕ್ಕೂ ಒಂದೇ ನಹೀಂ. ಅವನು ಆರು ತಿಂಗಳಾದರೂ ಎರಡನ್ನೂ ಕಲಸುತ್ತಿದ್ದ. ನನಗೆ ಒಂದು ಸಂಜೆ ಸಾಕಾಯಿತು. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ, ನಮ್ಮಮ್ಮ ಕಲಿಸಿದ್ದು.

ಇಷ್ಟಾದರೂ ಏಟು ತಿಂದೆ. ನಮ್ಮ ‘ಇಲ್ಲ’ ಯಾರಿಗೂ ಬಗ್ಗುವುದಿಲ್ಲ. ಅವನು ಬಂದಿಲ್ಲ, ಅವರು ಬಂದಿಲ್ಲ, ಎಲ್ಲಕ್ಕೂ ಅದೇ. ಒಡಿಯಾದಲ್ಲಿ ಹಾಗಲ್ಲ. ‘ಸೇ ಆಸಿ ನಾಹಿ’, ಆದರೆ ‘ಸೇಮಾನೆ ಆಸಿ ನಾಹಾಂತಿ’. ಗೌರವದ ‘ಆಪಣ’ಕ್ಕೂ ನಾಹಾಂತಿಯೇ. ನಾನು ಹಿರಿಯ ಎಂಜಿನಿಯರ್ ಬಗ್ಗೆ ಗಿರಾಕಿಗಳ ಎದುರು ‘ಸಾರ್ ನಾಹಿ’ ಅನ್ನುತ್ತಿದ್ದೆ. ‘ಅವನಿಲ್ಲ’ ಅಂದ ಹಾಗೆ. ಅವರು ಕೇಳಿಸಿಕೊಂಡೂ ಸುಮ್ಮನಿದ್ದರು, ದೊಡ್ಡ ಮನುಷ್ಯ. ತಿದ್ದಿಕೊಂಡ ಮೇಲೆ ಇನ್ನೂ ದೊಡ್ಡ ಎಡವಟ್ಟು ಮಾಡಿದೆ. ‘ಆಉ’ ಅಂದರೆ ಇನ್ನು, ಮತ್ತೆ. ಸಂಜೆ ಆರಕ್ಕೆ ಫೋನ್ ಬಂತು. ಸಾರ್ ಹೊರಟುಹೋದರು, ಇನ್ನು ಸಿಗಲ್ಲ ಅನ್ನಲು ಹೋಗಿ ‘ಸಾರ್ ಆಉ ನಾಹಾಂತಿ’ ಅಂದೆ. ಆ ಕಡೆ ಮೌನ. ಆಮೇಲೆ ‘ಯಾವಾಗ? ಹೇಗೆ?’ ಅಂತ ಗಾಬರಿಯ ಪ್ರಶ್ನೆ. ಅದರ ಅರ್ಥ ‘ಸಾರ್ ಇನ್ನಿಲ್ಲ’. ಕನ್ನಡದಲ್ಲೂ ಹಾಗೇ ಅಲ್ವಾ? ಅದೂ ನನಗೆ ಆಗ ಹೊಳೆಯಲಿಲ್ಲ.

ಈ ನಾಹಿ, ನಾಹಾಂತಿ ತಲೆಗೆ ಹತ್ತಿದ್ದು ಅಜ್ಜಿಯ ನೆನಪಿನಿಂದ. ಅಜ್ಜಿ ‘ನಾನೊಲ್ಲೆ’, ‘ಅವರು ಒಲ್ಲರು’ ಅನ್ನುತ್ತಿದ್ದಳು. ಬೇಡ ಅನ್ನುವ ಮಾತಿಗೇ ಬಾಲ ಬೆಳೆದಿದೆ ನೋಡಿ. ಹಾಗೇ ಇದೂ. ಒಂದು ಗುಟ್ಟು ಗೊತ್ತಾದರೆ ತಪ್ಪುವುದಿಲ್ಲ. ‘ಜಾಉಛಂತಿ’ಯಲ್ಲಿ ಛಂತಿ ಬಿದ್ದುಹೋಗುತ್ತದೆ, ಅದು ಹೊತ್ತಿದ್ದ ಭಾರವನ್ನು ನಾಹಿ ಹೊರಬೇಕು, ಆದ್ದರಿಂದ ‘ಜಾಉ ನಾಹಾಂತಿ’. ‘ಗಲೆ’, ‘ಜಿಬೆ’ ಇವುಗಳಲ್ಲಿ ಕ್ರಿಯಾಪದವೇ ತನ್ನ ಬಾಲ ಇಟ್ಟುಕೊಂಡಿದೆ, ಆದ್ದರಿಂದ ‘ಸೇಮಾನೆ ಗಲೆ ನಾಹಿ’, ನಾಹಿ ಆರಾಮ. ಇದನ್ನು ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ. ಆರು ಸಾವಿರ!

ಇನ್ನು ‘ಕೊಡು’ವಿನ ಕಥೆ. ಬಾಡಿಗೆ ಮನೆ, ಐದೂವರೆ ಸಾವಿರ. ಓನರ್ ಅಮ್ಮ ಮೆಟ್ಟಿಲ ಮೇಲೆ ನಿಂತು ‘ಭಡಾ ದೇಲ ಕಿ?’ ಅಂದರು. ಬಾಡಿಗೆ ಕೊಟ್ಟೆಯಾ ಅಂತ. ಇನ್ನೂ ಕೊಟ್ಟಿಲ್ಲ ಅನ್ನಲು ‘ದೇಇನಿ’ ಅನ್ನಬೇಕಿತ್ತು. ನಾನು ನಗುತ್ತಾ ‘ದೇಬಿನಿ’ ಅಂದೆ. ಕೊಡಲ್ಲ! ಆ ತಿಂಗಳ ಕೊನೆಗೆ ಮನೆ ಖಾಲಿ ಮಾಡಿಸಿದರು. ಅದೊಂದೇ ಕಾರಣ ಅಂತ ಹೇಳಲಾರೆ, ರೂಮಿನಲ್ಲಿ ಕಾರ್ಬ್ಯುರೇಟರ್ ತೊಳೆಯುತ್ತಿದ್ದೆ, ಅದೂ ಇರಬಹುದು. ಹೊಸ ಮನೆಗೆ ಟೆಂಪೋ, ಅಡ್ವಾನ್ಸ್ ವ್ಯತ್ಯಾಸ ಸೇರಿ ಎರಡೂವರೆ ಸಾವಿರ ಕೈ ಬಿಟ್ಟಿತು. ಅವತ್ತಿನಿಂದ ದೇಇನಿ, ದೇಉನಿ, ದೇಲಿನಿ, ದೇಬಿನಿ ನಾಲ್ಕನ್ನೂ ದಿನಾ ಸ್ನಾನ ಮಾಡುವಾಗ ಮಗ್ಗಿ ಹೇಳಿದ ಹಾಗೆ ಹೇಳುತ್ತಿದ್ದೆ.

ಎಲ್ಲಕ್ಕಿಂತ ದುಬಾರಿ ಆದದ್ದು ಒಂದು ಅಕ್ಷರ. ಕಟಕದ ಮಾಲಗೋದಾಮಿನಲ್ಲಿ ಟ್ರಾನ್ಸ್‌ಪೋರ್ಟ್ ಆಫೀಸು. ಕೊಲ್ಕತ್ತದಿಂದ ಎವಿಆರ್ ಕಾರ್ಡ್ (ಜನರೇಟರ್‌ನ ವೋಲ್ಟೇಜ್ ಹದದಲ್ಲಿಡುವ ಭಾಗ) ಬರಬೇಕಿತ್ತು. ಫೋನ್ ಮಾಡಿದೆ. ಹುಡುಗ ‘ಆಸಿಲಾಣಿ’ ಅಂದ. ನನ್ನ ಪ್ರಕಾರ ‘ನಿ’ ಬಂದರೆ ಇಲ್ಲ. ಬರಲಿಲ್ಲ ಅಂದುಕೊಂಡೆ. ಮಾರನೇ ದಿನವೂ ಅದೇ ಉತ್ತರ, ಸ್ವಲ್ಪ ಸಿಟ್ಟಿನಲ್ಲಿ. ಗಿರಾಕಿ ಕುತ್ತಿಗೆ ಮೇಲೆ ಕೂತಿದ್ದ. ಲೋಕಲ್ ಅಂಗಡಿಯಲ್ಲಿ 4,200 ಕೊಟ್ಟು ಇನ್ನೊಂದು ಕಾರ್ಡ್ ತಂದು ಹಾಕಿದೆ. ನಾಲ್ಕನೇ ದಿನ ಹೋಗಿ ನೋಡಿದರೆ ನನ್ನ ಪೆಟ್ಟಿಗೆ ಧೂಳು ತಿನ್ನುತ್ತಾ ಕೂತಿದೆ. ಮೇಲೆ ಗೋಡೌನ್ ಬಾಡಿಗೆ ನೂರೈವತ್ತು. ‘ಆಸಿಲಾನಿ’ ಅಂದರೆ ಬರಲಿಲ್ಲ. ‘ಆಸಿಲಾಣಿ’ ಅಂದರೆ ಆಗಲೇ ಬಂದಾಯ್ತು! ನ ಮತ್ತು ಣ, ಅಷ್ಟೇ ವ್ಯತ್ಯಾಸ, ಅರ್ಥ ಪೂರ್ತಿ ಉಲ್ಟಾ. ಖಾಇಲಿನಿ, ನಾನು ತಿನ್ನಲಿಲ್ಲ. ಖಾಇಲಿಣಿ, ಆಗಲೇ ತಿಂದಾಯ್ತು. ಆಫೀಸಿನಲ್ಲಿ ಬಿಲ್ ಪಾಸ್ ಆಗಲಿಲ್ಲ. ‘ಯಾಕೆ ಎರಡು ತಗೊಂಡೆ?’ ಅಂದರೆ ಣಕಾರದ ಕಥೆ ಯಾರಿಗೆ ಹೇಳಲಿ?

ಬೇಜಾರಾದದ್ದು ದುಡ್ಡಿಗಲ್ಲ. ನಾವು ಕನ್ನಡದವರು. ಹಣ, ಹನಿ, ಮಣ, ಮನ ಅಂತ ಹುಟ್ಟಿನಿಂದ ನ-ಣ ಬೇರೆ ಮಾಡುವವರು. ಒಡಿಯಾದಲ್ಲೂ ಣ ಇದೆ, ಳ ಇದೆ, ಎರಡನ್ನೂ ಗಟ್ಟಿಯಾಗಿ ಹೇಳುತ್ತಾರೆ. ನನ್ನ ಕಿವಿಗೆ ಕೇಳಿಸಿಯೂ ಇತ್ತು. ಣಿ ಅನ್ನುವುದು ಬೇರೆ ಇದೆ ಅಂತ ಗೊತ್ತಿರಲಿಲ್ಲ, ಅದಕ್ಕೇ ಮನಸ್ಸು ಅದನ್ನು ನಿ ಮಾಡಿಕೊಂಡಿತು. ಗೊತ್ತಾದ ಮೇಲೆ ಒಂದು ಸಲವೂ ತಪ್ಪಿಲ್ಲ. ಬಿಹಾರದ ಹುಡುಗನಿಗೆ ಇದನ್ನು ವಾರಗಟ್ಟಲೆ ಹೇಳಿಕೊಟ್ಟೆ, ಅವನ ಬಾಯಲ್ಲಿ ಎರಡೂ ನಿ. ಟ್ರಾನ್ಸ್‌ಪೋರ್ಟ್‌ಗೆ ಫೋನ್ ಮಾಡುವ ಕೆಲಸ ಕೊನೆಗೆ ನನಗೇ ಬಂತು.

ಸಣ್ಣಪುಟ್ಟ ವಿಷಯ ಬೇಗ ಹೇಳಿಬಿಡುತ್ತೇನೆ. ‘ನ’ ಮುಂದೆ ಬರುವ ಜಾಗವೂ ಇದೆ: ಇರಲಿಲ್ಲ ಅನ್ನಲು ‘ನಥಿಲಾ’, ತಿನ್ನದೆ ಅನ್ನಲು ‘ನ ಖಾಇ’. ನಾನು ಜಾಸ್ತಿ ಬಳಸಿದ್ದು ‘ಪಇಸಾ ನ ದೇಲೆ ಕಾಮ ಹೇಬ ನಾಹಿ’, ದುಡ್ಡು ಕೊಡದಿದ್ದರೆ ಕೆಲಸ ಆಗಲ್ಲ. ಒಂದೇ ವಾಕ್ಯದಲ್ಲಿ ನ ಮುಂದೆ, ನಾಹಿ ಹಿಂದೆ. ಇದೊಂದು ಬಾಯಿಗೆ ಬಂದರೆ ಅರ್ಧ ವ್ಯಾಕರಣ ಮುಗಿಯಿತು, ಬಾಕಿ ವಸೂಲಿಯೂ ಆಯಿತು. ನಮ್ಮ ‘ಬೇಡ’ಕ್ಕೆ ಒಂದೇ ಮಾತು ಹುಡುಕಲು ಹೋಗಬೇಡಿ, ಎರಡು ವಾರ ಹುಡುಕಿ ಸೋತೆ. ವಸ್ತು ಬೇಡ ಅಂದರೆ ‘ದರಕಾರ ನಾಹಿ’. ಹೋಗಬೇಡ ಅಂದರೆ ‘ಜಾಅ ನಾಹಿ’. ಗೋಡೆಗಳ ಮೇಲಿನ ‘ಛೇಪ ಪಕಾಂತು ನಾಹಿ’ ಓದಿ ಓದಿ ಲಿಪಿಯನ್ನೂ ಕಲಿತೆ, ಉಗುಳಬೇಡಿ ಅಂತ. ಅದರ ಕೆಳಗೇ ಜನ ಉಗುಳಿರುತ್ತಾರೆ, ಅದು ನಮ್ಮಲ್ಲೂ ಅಷ್ಟೇ. ಊಟಕ್ಕೆ ಕರೆದಾಗ ಮಾತ್ರ ನಾಹಿ ಅನ್ನಬೇಡಿ. ‘ಥಾಉ ಥಾಉ’ ಅನ್ನಿ. ನಮ್ಮ ‘ಇರ್ಲಿ ಇರ್ಲಿ’. ಅದಾದ ಮೇಲೂ ಬಟ್ಟಲಿಗೆ ಪಖಾಳ (ನೀರಲ್ಲಿ ನೆನೆಸಿದ ಅನ್ನ) ಬೀಳುತ್ತದೆ, ಯಾರಿಗೂ ಬೇಜಾರಿಲ್ಲ.

ಭುವನೇಶ್ವರದ ಯುನಿಟ್-1 ಹಾಟ್‌ನಲ್ಲಿ (ಸಂತೆ) ತರಕಾರಿ ಚೌಕಾಸಿಗೆ ‘ನುಹೇ’ಯನ್ನು ಒಂದು ವಿಶೇಷ ರೀತಿ ಬಳಸುತ್ತೇನೆ. ಕಿಲೋಗೆ ಐದಾರು ರೂಪಾಯಿ ಇಳಿಯುತ್ತದೆ. ಅದನ್ನು ಇಲ್ಲಿ ಬರೆಯಲ್ಲ. ಎಲ್ಲರೂ ಶುರು ಮಾಡಿದರೆ ನನ್ನ ಬದನೆಕಾಯಿಗೆ ಕಷ್ಟ. ನೋಟ್‌ಬುಕ್‌ನ ಮಧ್ಯದ ಪುಟಗಳನ್ನು ಹೇಗೆ ಮಡಚುತ್ತಿದ್ದೆ ಅನ್ನುವುದೂ ನನ್ನಲ್ಲೇ ಇರಲಿ.

ಉಲ್ಟಾ ಪ್ರಯೋಗವನ್ನೂ ಮಾಡಿದೆ. ಭುವನೇಶ್ವರದ ರಸೂಲಗಡದ ವರ್ಕ್‌ಶಾಪಿನಿಂದ ಮೂವರು ಹುಡುಗರು ಬೆಂಗಳೂರಿಗೆ ಕೆಲಸಕ್ಕೆ ಹೊರಟಿದ್ದರು. ಪ್ರಶಾಂತಿ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಆಗಿತ್ತು, ಕೈಯಲ್ಲಿ ಇಪ್ಪತ್ತು ದಿನ. ಅದೇ ನೋಟ್‌ಬುಕ್ ಬಲದಿಂದ ಎಡಕ್ಕೆ ಓದಿಸಿದೆ. ಜಾಇನಿ, ಹೋಗಿಲ್ಲ. ಜಾಉನಿ, ಹೋಗ್ತಾ ಇಲ್ಲ. ಹತ್ತು ದಿನದಲ್ಲಿ ‘ಸಂಬಳ ಬಂದಿಲ್ಲ’ ಅನ್ನುವುದನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದರು. ಫೀಸು ಅಂತ ಕಟಕದ ದಹಿಬರಾ-ಆಲೂದಮ್ (ಮೊಸರುವಡೆ, ಆಲೂಗಡ್ಡೆ ಪಲ್ಯ) ತಂದುಕೊಟ್ಟರು, ಎರಡು ಸಲ. ಅವರಿಗೂ ಒಂದೇ ಕಡೆ ತೊಡಕು: ‘ಅವರು ಬಂದಿಲ್ಲ’ ಅಂದಾಗ ಇಲ್ಲಕ್ಕೆ ಬಾಲ ಎಲ್ಲಿ ಅಂತ ಹುಡುಕುತ್ತಿದ್ದರು.

ಸುಮಾರು ನಾಲ್ಕು ತಿಂಗಳಲ್ಲಿ ನೋಟ್‌ಬುಕ್ ತುಂಬಿತು. ಕೊನೆಯ ಲೆಕ್ಕ ಹಾಕಿದರೆ ಪಾಠ, ಆ್ಯಪ್, ಕಾರ್ಡ್, ಮನೆ ಎಲ್ಲ ಸೇರಿ ಹದಿನಾಲ್ಕು ಸಾವಿರ ಹೋಗಿದೆ. ಕಲಿಸಿದ್ದು ಇಪ್ಪತ್ತೈದು ರೂಪಾಯಿ ಪುಸ್ತಕ. ಮೊದಲು ‘ಹೌದು’ ಕಲಿ ಅಂದಿದ್ದ ರೂಮಿನವರಲ್ಲಿ ಒಬ್ಬ ಈಗ ಅದರ ಜೆರಾಕ್ಸ್ ಕೇಳುತ್ತಿದ್ದಾನೆ. ‘ದೇಬಿನಿ’ ಅಂದೆ. ಈ ಸಲ ಬೇಕಂತಲೇ.

ಈಗ ಹೊಸ ತಲೆನೋವು. ಪಶ್ಚಿಮದ ಸಂಬಲಪುರ ಕಡೆ ಎರಡು ದಿನದ ಕೆಲಸಕ್ಕೆ ಹೋಗಿದ್ದೆ. ಅಲ್ಲಿಯ ಮಾತೇ ಬೇರೆ. ರೈಸ್‌ಮಿಲ್‌ನ ಕಾವಲುಗಾರ ‘ನಾಇ ಜಾನೆ’ ಅಂದ. ಗೊತ್ತಿಲ್ಲ ಅಂತ. ನಾನು ಅಷ್ಟು ಕಷ್ಟಪಟ್ಟು ಹಿಂದಕ್ಕೆ ತಳ್ಳಿದ್ದ ನಾಹಿ ಅಲ್ಲಿ ಮುಂದೆ ಬಂದು ನಿಂತಿದೆ. ನನ್ನ ‘ಜಾಣಿನಿ’ ಕೇಳಿ ಅವನು ‘ಕಟಕದವರಾ?’ ಅಂದ. ಬರಂಪುರದಿಂದ ಕಟಕಕ್ಕೆ ಬಡ್ತಿ! ಬಿಹಾರದ ಹುಡುಗ ಮಾತ್ರ ಅಲ್ಲಿ ಖುಷಿಯಾಗಿದ್ದ. ಮುಂದಿನ ತಿಂಗಳು ಅದೇ ಕಡೆ ಎರಡು ವಾರದ ಡ್ಯೂಟಿ ಇದೆ. ಇನ್ನೊಂದು ನೋಟ್‌ಬುಕ್ ತಂದಿಟ್ಟಿದ್ದೇನೆ. ಬೆಲೆ ಮೂವತ್ತಾಗಿದೆ.