ಒರೆಸುವ ಬಟ್ಟೆಗಿಂತ ಮೊದಲು ಒಳಚೀಲ ಬದಲಿಸಿ

ತೊಳೆದು ಒಣಗಿಸಿದ ವಿನೈಲ್ ರೆಕಾರ್ಡನ್ನು ಹಳೆಯ ಕಾಗದದ ಒಳಚೀಲಕ್ಕೆ ಮತ್ತೆ ತುರುಕಬೇಡಿ. ಪಾಲಿಥಿನ್ ಒಳಪದರವಿರುವ ಹೊಸ ಚೀಲಕ್ಕೆ ಹಾಕಿಡಿ. ವಿನೈಲ್ ವಿದ್ಯುತ್ ಹರಿಯಗೊಡದ ವಸ್ತು. ಒರಟು ಕಾಗದಕ್ಕೆ ಉಜ್ಜಿಕೊಂಡು ಹೊರಬರುವಾಗ ಅದರ ಮೇಲೆ ಸ್ಥಿರವಿದ್ಯುತ್ ಕೂರುತ್ತದೆ, ಕೂತದ್ದು ಬೇಗ ಬಿಡುವುದಿಲ್ಲ. ಕಾಗದದ ನಾರು, ಕೋಣೆಯ ಧೂಳು ಎರಡನ್ನೂ ಅದು ಎಳೆದುಕೊಳ್ಳುತ್ತದೆ. ಪಾಲಿಥಿನ್ ನುಣುಪು, ನಾರೂ ಉದುರುವುದಿಲ್ಲ. ಉಳಿದ ಧೂಳಿಗೆ ಕಾರ್ಬನ್ ಫೈಬರ್ ಬ್ರಷ್ ಸಾಕು: ತಿರುಗುತ್ತಿರುವ ರೆಕಾರ್ಡಿನ ಮೇಲೆ ಹಗುರವಾಗಿ ಆನಿಸಿ, ನಿಧಾನವಾಗಿ ಅಂಚಿನ ಕಡೆಗೆ ಸರಿಸಿ. ಹಳೆಯ ಚೀಲದ ಮೇಲೆ ಹಾಡಿನ ಸಾಹಿತ್ಯ ಅಚ್ಚಾಗಿದ್ದರೆ ಎಸೆಯಬೇಡಿ, ಹೊರಕವಚದಲ್ಲೇ ಪಕ್ಕಕ್ಕಿರಲಿ. ಬೆರಳಚ್ಚಿನ ಜಿಡ್ಡು, ಬೂಷ್ಟು ಗೆರೆಯೊಳಗೆ ಇಳಿದಿದ್ದರೆ ಚೀಲವೂ ಬ್ರಷ್ಷೂ ಏನೂ ಮಾಡಲಾರವು. ಕರಾವಳಿಯ ಮನೆಗಳಲ್ಲಿ ಸ್ಥಿರವಿದ್ಯುತ್ತಿಗಿಂತ ಬೂಷ್ಟಿನದೇ ಕಾಟ. ಆಗ ಭಟ್ಟಿ ಇಳಿಸಿದ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಲೇಬಲ್ ನೆನೆಯದಂತೆ ಗೆರೆಯ ಗುಂಟ ಒರೆಸಿ, ಬರಿಯ ಭಟ್ಟಿ ನೀರಿನಲ್ಲಿ ಇನ್ನೊಮ್ಮೆ ತೊಳೆಯಿರಿ. ಅಜ್ಜನ ಕಾಲದ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ರೆಕಾರ್ಡುಗಳಿಗೆ ಮಾತ್ರ ಆಲ್ಕೋಹಾಲ್ ಇರುವ ಯಾವ ದ್ರವವನ್ನೂ ಸೋಕಿಸಬೇಡಿ: ಅವು ಬಹುಪಾಲು ಅರಗಿನವು, ಆಲ್ಕೋಹಾಲಿನಲ್ಲಿ ಅರಗು ಕರಗುತ್ತದೆ.