ಕಾವು ಎಂಜಿನ್ನಿನದೋ, ತಂತಿಯದೋ? ಹಳೆಯ ಡಾಡ್ಜ್ ಚಾಲೆಂಜರ್‌ನಲ್ಲಿ ದೋಷ ಹುಡುಕುವ ಬಗೆ

1970ರ ಮಾದರಿಯಾಗಿ ಅಮೆರಿಕದಲ್ಲಿ ರಸ್ತೆಗಿಳಿದ ಡಾಡ್ಜ್ ಚಾಲೆಂಜರ್‌ನ ವಿ8 ಎಂಜಿನ್ ಬಿಸಿಯೇರಿದಂತೆ ಕಂಡರೆ ಮೊದಲು ರೇಡಿಯೇಟರ್ ಬದಲಿಸಬೇಡಿ. ಮೀಟರಿನ ಮುಳ್ಳು ನಿಜ ಹೇಳುತ್ತಿದೆಯೇ ಎಂದು ನೋಡಿ. ಈ ಕಾರಿನಲ್ಲಿ ಉಷ್ಣತೆಯ ಮೀಟರಿಗೂ ಪೆಟ್ರೋಲ್ ಮೀಟರಿಗೂ ಬ್ಯಾಟರಿಯ ವೋಲ್ಟೇಜನ್ನು ಸರಾಸರಿ 5 ವೋಲ್ಟಿಗೆ ಇಳಿಸುವ ಒಂದೇ ಪುಟ್ಟ ಸಾಧನದಿಂದ ವಿದ್ಯುತ್ ಹೋಗುತ್ತದೆ. ಆದ್ದರಿಂದ ಎರಡು ಮುಳ್ಳುಗಳೂ ಜೊತೆಜೊತೆಯಾಗಿ ಮೇಲೇರಿದರೆ ದೋಷವಿರುವುದು ನೀರಿನಲ್ಲಲ್ಲ, ಆ ಸಾಧನದಲ್ಲಿ ಅಥವಾ ಅದರ ಅರ್ತಿಂಗ್‌ನಲ್ಲಿ. ಉಷ್ಣತೆಯ ಮುಳ್ಳು ಮಾತ್ರ ಏರಿದ್ದರೆ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಥರ್ಮೋಸ್ಟಾಟ್ ಕೂತಿರುವ ಲೋಹದ ಭಾಗಕ್ಕೆ ಹಿಡಿಯಿರಿ. ಥರ್ಮೋಸ್ಟಾಟ್ ಎಂದರೆ ನಿಗದಿತ ಕಾವಿಗೆ ತೆರೆದುಕೊಂಡು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ. 82 ಅಥವಾ 90 ಡಿಗ್ರಿ ಸೆಲ್ಸಿಯಸ್‌ಗೆ ತೆರೆಯುವ ಥರ್ಮೋಸ್ಟಾಟ್ ಇರುವ ಎಂಜಿನ್ ಅದಕ್ಕಿಂತ ತುಸು ಮೇಲೆ ನಿಂತರೆ ಅಂಜಬೇಕಾಗಿಲ್ಲ.

ಕಾವು ನಿಜವೆಂದು ಖಚಿತವಾದರೆ ಅದು ಯಾವಾಗ ಏರುತ್ತದೆ ಎಂಬುದೇ ದಾರಿ ತೋರಿಸುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಏರಿ, ಓಡಲಾರಂಭಿಸಿದ ಮೇಲೆ ಇಳಿದರೆ ಗಾಳಿ ಸಾಲುತ್ತಿಲ್ಲ. ಕಾವಿಗೆ ತಕ್ಕಂತೆ ಫ್ಯಾನಿನ ವೇಗ ಹೆಚ್ಚು ಕಡಿಮೆ ಮಾಡುವ ಕ್ಲಚ್ಚನ್ನೂ, ಫ್ಯಾನಿನ ಸುತ್ತ ಇರಬೇಕಾದ ಹೊದಿಕೆಯನ್ನೂ ನೋಡಿ. ಹೆದ್ದಾರಿಯ ವೇಗದಲ್ಲಿ ಮಾತ್ರ ಏರಿದರೆ ನೀರಿನ ಹರಿವಿಗೆ ಅಡ್ಡಿಯಿದೆ: ರೇಡಿಯೇಟರ್ ಕಟ್ಟಿಕೊಂಡಿರಬಹುದು, ಇಲ್ಲವೇ ಮೆತ್ತಗಾದ ಕೆಳಗಿನ ಹೋಸ್ ಪಂಪಿನ ಎಳೆತಕ್ಕೆ ಚಪ್ಪಟೆಯಾಗುತ್ತಿರಬಹುದು. ಇಗ್ನಿಷನ್ ಟೈಮಿಂಗ್, ಅಂದರೆ ಸ್ಪಾರ್ಕ್ ಪ್ಲಗ್ಗಿನ ಕಿಡಿ ಹಾರುವ ಸಮಯ, ಹಿಂದೆ ಬಿದ್ದಿದ್ದರೂ ಎಂಜಿನ್ ಬಿಸಿಯೇರುತ್ತದೆ; ಇದನ್ನು ಮರೆಯುವವರೇ ಹೆಚ್ಚು. ಎಂಜಿನ್ ಪೂರ್ತಿ ತಣಿಯುವವರೆಗೆ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ತೆರೆಯಬಾರದು.

ಇನ್ನು ವಿದ್ಯುತ್ತಿನ ವಿಷಯ. ಈ ಕಾರನ್ನು ನಿಜವಾಗಿ ಸುಡಬಲ್ಲದ್ದು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಎಂಜಿನ್ ಓಡುವಾಗ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರಿನಿಂದ ಹೊರಟದ್ದು ನೇರವಾಗಿ ಬ್ಯಾಟರಿಗೆ ಹೋಗುವುದಿಲ್ಲ. ಎಂಜಿನ್ ಕೋಣೆಗೂ ಚಾಲಕನ ಕೋಣೆಗೂ ನಡುವಿನ ತಗಡುಗೋಡೆಯಲ್ಲಿರುವ ಬಲ್ಕ್‌ಹೆಡ್ ಕನೆಕ್ಟರಿನ ಮೂಲಕ ಒಳಗೆ ಬಂದು, ವಿದ್ಯುತ್ತಿನ ಹರಿವನ್ನು ತೋರಿಸುವ ಡ್ಯಾಶ್‌ಬೋರ್ಡಿನ ಆಮ್‌ಮೀಟರನ್ನು ಹಾದು, ಅದೇ ಕನೆಕ್ಟರಿನ ಇನ್ನೊಂದು ಪಿನ್ನಿನಿಂದ ಹೊರಬಿದ್ದು, ಫ್ಯೂಸಿಬಲ್ ಲಿಂಕ್ (ವಿದ್ಯುತ್ ಮಿತಿಮೀರಿದರೆ ಫ್ಯೂಸಿನಂತೆ ಕರಗುವ ತಂತಿಯ ತುಂಡು) ದಾಟಿ ಬ್ಯಾಟರಿ ಸೇರುತ್ತದೆ. ಐವತ್ತು ವರ್ಷ ದಾಟಿದ ಆ ಪಿನ್ನುಗಳಿಗೆ ಕಿಲುಬು ಹಿಡಿದಿರುತ್ತದೆ. ಕಿಲುಬು ಪ್ರತಿರೋಧವನ್ನು ಹೆಚ್ಚಿಸುತ್ತದೆ, ಪ್ರತಿರೋಧ ಕಾವನ್ನು ಹುಟ್ಟಿಸುತ್ತದೆ, ಕಾವು ಪಿನ್ನಿನ ಹಿಡಿತವನ್ನು ಸಡಿಲಿಸಿ ಪ್ರತಿರೋಧವನ್ನು ಮತ್ತೂ ಹೆಚ್ಚಿಸುತ್ತದೆ, ಕೊನೆಗೆ ಪ್ಲಾಸ್ಟಿಕ್ಕೇ ಕರಗುತ್ತದೆ.

ಇದನ್ನು ಮಲ್ಟಿಮೀಟರಿನಿಂದ ಪತ್ತೆಹಚ್ಚಬಹುದು. ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ, ಮೀಟರಿನ ಒಂದು ಮೊನೆಯನ್ನು ಆಲ್ಟರ್ನೇಟರಿನ ದಪ್ಪ ತಂತಿಯ ಬೋಲ್ಟಿಗೂ ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್‌ಗೂ ಇಡಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದಾರಿಯಲ್ಲಿ ಎಲ್ಲೋ ತಡೆಯಿದೆ. ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ನೆಗೆಟಿವ್‌ಗೂ ಹೀಗೆಯೇ ಅಳೆಯಿರಿ, ಅಲ್ಲಿ 0.2 ವೋಲ್ಟ್ ದಾಟಬಾರದು.

ತಡೆ ಕಂಡುಬಂದರೆ ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಕನೆಕ್ಟರನ್ನು ಕಳಚಿ, ದಪ್ಪ ಕೆಂಪು ಮತ್ತು ಕಪ್ಪು ತಂತಿಗಳ ಪಿನ್ನುಗಳನ್ನು ಮೊದಲು ನೋಡಿ. ಬರೀ ಕಿಲುಬಾದರೆ ಶುಚಿ ಮಾಡಿದರೆ ಸಾಕು; ಬಣ್ಣಗೆಟ್ಟ ಪಿನ್ನನ್ನು ಬದಲಿಸಲೇಬೇಕು. ಆಮ್‌ಮೀಟರಿನ ಹಿಂದಿನ ನಟ್ಟುಗಳು ಸಡಿಲವಾಗಿದ್ದರೆ ಬಿಗಿಗೊಳಿಸಿ. ದೊಡ್ಡ ಆಲ್ಟರ್ನೇಟರ್ ಹಾಕಬೇಕೆಂಬ ಆಸೆಯಿದ್ದರೆ ಅದಕ್ಕೂ ಮುಂಚೆ ಈ ದಾರಿಯನ್ನು ತಪ್ಪಿಸಿ ಹೊರಗಿನಿಂದಲೇ ದಪ್ಪ ತಂತಿ ಎಳೆಯಬೇಕು. ಆ ತಂತಿಗೂ ತಕ್ಕ ಫ್ಯೂಸಿಬಲ್ ಲಿಂಕ್ ಇರಲೇಬೇಕು.

ಕೀಲಿ ತಿರುವಿದಾಗ ಚಾಲೂ ಆಗಿ, ಕೈ ಬಿಟ್ಟ ಕ್ಷಣವೇ ಎಂಜಿನ್ ನಿಂತುಹೋಗುತ್ತಿದ್ದರೆ ತಗಡುಗೋಡೆಯ ಮೇಲಿನ ಬಿಳಿ ಪಿಂಗಾಣಿಯ ಬ್ಯಾಲಸ್ಟ್ ರೆಸಿಸ್ಟರನ್ನು, ಅಂದರೆ ಇಗ್ನಿಷನ್ ಕಾಯಿಲಿಗೆ ಹೋಗುವ ವಿದ್ಯುತ್ತನ್ನು ತಗ್ಗಿಸುವ ಸಾಧನವನ್ನು, ಶಂಕಿಸಿ. ಚಾಲೂ ಮಾಡುವಾಗ ವಿದ್ಯುತ್ ಅದರ ಮೂಲಕ ಹಾಯದೆ ಬೇರೆ ದಾರಿಯಲ್ಲಿ ಹೋಗುವುದರಿಂದಲೇ ಎಂಜಿನ್ ಅಷ್ಟಾದರೂ ಉಸಿರಾಡುತ್ತದೆ.

ಎಲ್ಲ ಮುಗಿದ ಮೇಲೆ ದೀಪ ಹಾಕಿಕೊಂಡು ಅರ್ಧ ಗಂಟೆ ಓಡಿಸಿ ಬಂದು, ಅದೇ ಥರ್ಮಾಮೀಟರನ್ನು ಬಲ್ಕ್‌ಹೆಡ್ ಕನೆಕ್ಟರಿಗೆ ಹಿಡಿಯಿರಿ. ದಪ್ಪ ತಂತಿಗಳಿರುವ ಜಾಗ ಸುತ್ತಲಿನದಕ್ಕಿಂತ ಎದ್ದುಕಾಣುವಷ್ಟು ಬಿಸಿಯಾಗಿದ್ದರೆ ಕನೆಕ್ಟರನ್ನು ಮತ್ತೆ ಬಿಚ್ಚಿ ನೋಡಬೇಕು.